ವಿಮಾನ ನಿಲ್ದಾಣದ ಬೇಲಿ: ರನ್‌ವೇ ತುದಿಯಲ್ಲಿ ಗಟ್ಟಿ ಗೋಡೆ ಬೇಕೋ, ಮುರಿದು ಬೀಳುವ ಫೈಬರ್ ಬೇಲಿ ಬೇಕೋ?

ಪ್ರಶ್ನೆ: ಹಾಸನದ ಸಿವಿಲ್ ಗುತ್ತಿಗೆದಾರ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಸುತ್ತಮುತ್ತ ಕಾಂಪೌಂಡು, ತಂತಿಬೇಲಿ, ಚರಂಡಿ ಮುಂತಾದ ಕೆಲಸಗಳನ್ನು ಮಾಡಿಸುವವನು. ವರ್ಷಗಟ್ಟಲೆ ನಿಂತಿದ್ದ ಕಾಮಗಾರಿ ಮತ್ತೆ ಆರಂಭವಾದ ಬೂವನಹಳ್ಳಿ ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಟರ್ಮಿನಲ್, ರನ್‌ವೇ ಉದ್ದ, ಎಂಥ ವಿಮಾನ ಇಳಿಯಬಹುದು ಎಂಬುದೇ ಚರ್ಚೆಯಾಗುತ್ತದೆಯೇ ಹೊರತು ಸುತ್ತಲಿನ ಬೇಲಿಯನ್ನು ಕುರಿತು ಯಾರೂ ಕೇಳುವುದಿಲ್ಲ. ಬೇಲಿಯೇ ನನ್ನ ಕಸುಬಾದ್ದರಿಂದ ನನ್ನ ಗಮನ ಅಲ್ಲಿಗೆ ಹೋಯಿತು.

2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಜೇಜು ಏರ್ ವಿಮಾನ ಚಕ್ರಗಳಿಲ್ಲದೆ ಇಳಿದು, ರನ್‌ವೇ ದಾಟಿ, ಆಂಟೆನಾ ನಿಲ್ಲಿಸಿದ್ದ ಕಾಂಕ್ರೀಟ್ ಇದ್ದ ಮಣ್ಣಿನ ದಿಬ್ಬಕ್ಕೆ ಬಡಿದು, 181 ಮಂದಿಯಲ್ಲಿ 179 ಮಂದಿ ತೀರಿಕೊಂಡ ಸುದ್ದಿ ಎಲ್ಲರಿಗೂ ನೆನಪಿರಬಹುದು. ಅದಾದ ಮೇಲೆ ರನ್‌ವೇ ತುದಿಯಲ್ಲಿ ಏನಿದ್ದರೂ ವಿಮಾನ ತಾಗಿದೊಡನೆ ಮುರಿದು ಬೀಳುವಂತಿರಬೇಕು ಎಂಬ ಮಾತನ್ನು ಅಲ್ಲಲ್ಲಿ ಓದಿದೆ. ಬೇಲಿಗಳಲ್ಲೂ ಗಾಜಿನ ನಾರು ಮತ್ತು ರಾಳದಿಂದ ಮಾಡಿದ, ‘ಫ್ರಾಂಜಿಬಲ್’ ಎಂದು ಕರೆಯುವ ಇಂಥ ಬೇಲಿಗಳಿವೆ ಎಂದು ತಿಳಿಯಿತು.

ನಾನು ಇಷ್ಟು ದಿನ ಕಲಿತದ್ದು, ಅಲ್ಲಾಡದ ಕಂಬವೇ ಒಳ್ಳೆಯ ಕಂಬ ಎಂದು. ಕಲ್ಲುಕಂಬವಾದರೂ ಕಬ್ಬಿಣದ ಕಂಬವಾದರೂ ಎರಡಡಿ ಗುಂಡಿ ತೆಗೆದು, ಕಾಂಕ್ರೀಟ್ ತುಂಬಿ, ಕೈಯಲ್ಲಿ ಅಲುಗಾಡಿಸಿ ನೋಡಿದ ಮೇಲೆಯೇ ಬಿಲ್ ಬರೆಯುತ್ತೇವೆ. ಹೀಗಿರುವಾಗ ಮುರಿಯಲೆಂದೇ ಮಾಡಿದ ಬೇಲಿ ಕಳ್ಳನನ್ನು ಹೇಗೆ ತಡೆಯುತ್ತದೆ? ಕಾಡುಹಂದಿ ನುಗ್ಗಿದರೆ ನಿಲ್ಲುತ್ತದೆಯೇ? ನಮ್ಮ ಕಡೆಯ ಮುಂಗಾರಿನ ಗಾಳಿ ಮಳೆಗೆ ತಾನಾಗಿಯೇ ಬಿದ್ದುಹೋಗುವುದಿಲ್ಲವೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಸ್ಟ್ರಕ್ಚರಲ್ ಇಂಜಿನಿಯರ್, ಹಾಸನ

ಸರ್, ನಿಮ್ಮ ಪ್ರಶ್ನೆಗೆ ಕೊರಿಯಾದವರೆಗೆ ಹೋಗಬೇಕಾಗಿಲ್ಲ, ನಮ್ಮ ಘಟ್ಟದ ಕೆಳಗೇ ಉದಾಹರಣೆ ಇದೆ. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಹೋದಾಗ ಅದರ ಬಲ ರೆಕ್ಕೆ ಮೊದಲು ಬಡಿದದ್ದು ಲೋಕಲೈಸರ್, ಅಂದರೆ ಇಳಿಯುವ ವಿಮಾನಕ್ಕೆ ರನ್‌ವೇಯ ನಡುಗೆರೆ ತೋರಿಸುವ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ. ಅನಂತರ ಅದು ಬೇಲಿಯನ್ನು ಹಾಯ್ದು ಕಮರಿಗೆ ಬಿದ್ದಿತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಅಪಘಾತಕ್ಕೆ ಮೂಲ ಕಾರಣ ಸರಿಯಾಗಿರದ ಇಳಿತವನ್ನು ಕೈಬಿಡದೆ ಮುಂದುವರಿಸಿದ್ದು ಎಂದು ತನಿಖೆ ಹೇಳಿತಾದರೂ, ರನ್‌ವೇ ಆಚೆಗಿನ ಜಾಗದಲ್ಲಿರುವ ರಚನೆಗಳು ಸುಲಭವಾಗಿ ಮುರಿಯುವಂತಿರಬೇಕು ಎಂಬುದನ್ನೂ ಅದು ಎತ್ತಿ ಹೇಳಿತು. ವಿಮಾನ ತಪ್ಪಿ ಹೋಗುವುದಕ್ಕೆ ಬೇಲಿ ಕಾರಣವಲ್ಲ, ನಿಜ. ಆದರೆ ತಪ್ಪಿ ಹೋದ ವಿಮಾನದೊಳಗಿನವರು ಬದುಕುತ್ತಾರೋ ಇಲ್ಲವೋ ಎಂಬುದು ಅದರ ದಾರಿಯಲ್ಲಿ ಏನಿದೆ ಎಂಬುದರ ಮೇಲೂ ನಿಂತಿದೆ.

ಈಗ ‘ಮುರಿಯುವುದು’ ಎಂದರೇನು ಎಂದು ಅಳತೆಯಲ್ಲಿ ನೋಡೋಣ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಇದಕ್ಕಾಗಿಯೇ ವಿಮಾನ ನಿಲ್ದಾಣ ವಿನ್ಯಾಸ ಕೈಪಿಡಿಯ ಆರನೇ ಭಾಗವನ್ನು ಮೀಸಲಿಟ್ಟಿದೆ. 3,000 ಕೆ.ಜಿ. ತೂಕದ ಸಣ್ಣ ವಿಮಾನ ಹಾರುತ್ತ ಗಂಟೆಗೆ 140 ಕಿ.ಮೀ. ವೇಗದಲ್ಲಿ ಅಥವಾ ನೆಲದ ಮೇಲೆ 50 ಕಿ.ಮೀ. ವೇಗದಲ್ಲಿ ತಾಗಿದರೂ ರಚನೆ ಮುರಿದು ದಾರಿ ಬಿಡಬೇಕು ಎಂಬುದು ಅದರ ಮೂಲ ನಿಯಮ. ಇಳಿಯುವ ದಾರಿಯ ದೀಪದ ಕಂಬಗಳಿಗೆ ಆಘಾತದ ಬಲ 45 ಕಿಲೋನ್ಯೂಟನ್ ಮೀರಬಾರದು, ವಿಮಾನಕ್ಕೆ ತಗಲುವ ಶಕ್ತಿ 55 ಕಿಲೋಜೂಲ್ ಮೀರಬಾರದು ಎಂದೂ ಮಿತಿ ಹಾಕಿದ್ದಾರೆ. 3,000 ಕೆ.ಜಿ.ಯ ವಿಮಾನ 140 ಕಿ.ಮೀ. ವೇಗದಲ್ಲಿ ಹೊತ್ತಿರುವ ಚಲನಶಕ್ತಿ ಸುಮಾರು 2,270 ಕಿಲೋಜೂಲ್. ಅದರಲ್ಲಿ ನಲವತ್ತನೇ ಒಂದು ಪಾಲಿಗಿಂತ ಹೆಚ್ಚನ್ನು ಕಂಬ ಕಸಿದುಕೊಳ್ಳಬಾರದು ಎಂದಾಯಿತು. ಸಣ್ಣ ವಿಮಾನಕ್ಕೇ ದಾರಿ ಬಿಡುವ ಬೇಲಿ, 23 ಟನ್ ತೂಗುವ ಎಟಿಆರ್-72ಕ್ಕೆ ಇನ್ನೂ ಸುಲಭವಾಗಿ ಬಿಡುತ್ತದೆ.

ಉಕ್ಕಿನ ಚೈನ್‌ಲಿಂಕ್ ಬೇಲಿ ತೆಳುವಾಗಿಯೇ ಇದೆಯಲ್ಲ, ಅದೂ ಹರಿಯುತ್ತದಲ್ಲ ಎಂದು ನೀವು ಕೇಳಬಹುದು. ತೊಂದರೆ ಇರುವುದು ಅದು ಹರಿಯದೆ ಎಳೆದುಕೊಂಡು ಬರುವುದರಲ್ಲಿ. ಮೇಲಿನ ಮತ್ತು ಕೆಳಗಿನ ಬಿಗಿತಂತಿ ಕಂಬದಿಂದ ಕಂಬಕ್ಕೆ ತುಂಡಾಗದೆ ಸಾಗುತ್ತದೆ. ಮೂತಿ ಅಥವಾ ರೆಕ್ಕೆ ಸಿಕ್ಕಿಕೊಂಡರೆ ಜಾಲರಿ ಸುತ್ತಿಕೊಂಡು ಅಕ್ಕಪಕ್ಕದ ಹಲವು ಕಂಬಗಳನ್ನು ಕಾಂಕ್ರೀಟ್ ಸಮೇತ ಕಿತ್ತು ತರುತ್ತದೆ. ಎಟಿಆರ್‌ನಂಥ ವಿಮಾನಗಳಲ್ಲಿ ಪ್ರೊಪೆಲ್ಲರ್‌ಗೆ ತಂತಿ ಸುತ್ತಿದರೆ ಆಗುವ ಹಾನಿ ಬೇರೆ. ಉಕ್ಕು ಬಾಗುತ್ತದೆ, ಹಿಗ್ಗುತ್ತದೆ, ಹಿಗ್ಗುತ್ತಲೇ ಶಕ್ತಿಯನ್ನು ಹೀರಿಕೊಳ್ಳುತ್ತದೆ. ರಸ್ತೆ ಬದಿಯ ತಡೆಗೋಡೆಗೆ ಅದು ಒಳ್ಳೆಯ ಗುಣ. ರೆಕ್ಕೆಯೊಳಗೇ ಇಂಧನ ತುಂಬಿಕೊಂಡ ವಿಮಾನದ ಎದುರಿಗೆ ಅದೇ ಗುಣ ಕೆಟ್ಟದ್ದು.

ಗಾಜಿನ ನಾರಿನ ಎಫ್‌ಆರ್‌ಪಿ ಇಲ್ಲಿ ಬೇರೆ ರೀತಿ ವರ್ತಿಸುತ್ತದೆ. ಗಾಜಿನ ನಾರಿನ ಎಳೆಗಳನ್ನು ರಾಳದಲ್ಲಿ ಅದ್ದಿ, ಬಿಸಿ ಅಚ್ಚಿನ ಮೂಲಕ ಎಳೆದು ಕೊಳವೆ, ಕೋನ, ಪಟ್ಟಿಗಳನ್ನು ಮಾಡುತ್ತಾರೆ. ನಾರಿನ ಉದ್ದಕ್ಕೆ ಅದರ ಬಲ ಸಾಮಾನ್ಯ ಉಕ್ಕಿಗೆ ಹತ್ತಿರ ಬರುತ್ತದೆ, ಆದರೆ ತೂಕ ಉಕ್ಕಿನ ಕಾಲು ಭಾಗ, ಬಿಗುಪು ಸುಮಾರು ಹತ್ತನೇ ಒಂದು ಭಾಗ. ಆದ್ದರಿಂದ ಗಾಳಿಗೆ ಬಳುಕಿ ಮತ್ತೆ ನೆಟ್ಟಗಾಗುತ್ತದೆ. ಮಿತಿ ಮೀರಿದ ಪೆಟ್ಟು ಬಿದ್ದಾಗ ಹಿಗ್ಗದೆ ಥಟ್ಟನೆ ಮುರಿಯುತ್ತದೆ. ಮುರಿದ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದರೆ ಅಗಿದ ಕಬ್ಬಿನ ಸಿಪ್ಪೆಯಂತೆ ನಾರು ನಾರಾಗಿ ಬಿರಿದುಕೊಂಡಿರುತ್ತದೆ, ಉಕ್ಕಿನ ಹಾಗೆ ರೆಕ್ಕೆಯ ತಗಡನ್ನು ಸೀಳುವ ಗಟ್ಟಿ ಅಂಚು ಉಳಿಯುವುದಿಲ್ಲ. ಹಗುರವಾಗಿರುವುದೂ ಮುಖ್ಯ, ಏಕೆಂದರೆ ವಿಮಾನಕ್ಕೆ ತಗಲುವ ಪೆಟ್ಟಿನಲ್ಲಿ ಒಂದು ಪಾಲು ಬೇಲಿಯ ತುಂಡನ್ನು ನಿಂತ ಸ್ಥಿತಿಯಿಂದ ತನ್ನ ವೇಗಕ್ಕೆ ಒಮ್ಮೆಲೇ ತಳ್ಳುವುದರಿಂದಲೇ ಬರುತ್ತದೆ.

ಕಂಬ ಎಲ್ಲೋ ಒಂದು ಕಡೆ ಮುರಿಯಲಿ ಎಂದು ಬಿಡುವುದಿಲ್ಲ. ಬುಡದಲ್ಲಿ ದುರ್ಬಲಗೊಳಿಸಿದ ಜೋಡಣೆ ಅಥವಾ ನಿರ್ದಿಷ್ಟ ಬಲಕ್ಕೆ ತುಂಡಾಗುವ ಬೋಲ್ಟ್ ಇಟ್ಟು, ಮುರಿಯುವ ಜಾಗವನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಅಮೆರಿಕದ ವಿಮಾನಯಾನ ಆಡಳಿತದ ನಿಯಮದಂತೆ ಆ ಜಾಗ ನೆಲದಿಂದ ಮೂರು ಇಂಚಿಗಿಂತ ಮೇಲಿರಬಾರದು, ಇಲ್ಲವಾದರೆ ಉಳಿದ ಮೋಟೇ ಚಕ್ರಕ್ಕೆ ಅಡ್ಡಿಯಾಗುತ್ತದೆ. ಕಾಂಕ್ರೀಟ್ ತಳಪಾಯವೂ ನೆಲಮಟ್ಟಕ್ಕಿಂತ ಮೇಲೆ ಏಳಬಾರದು. ನೀವು ಹೇಳಿದ ಎರಡಡಿ ಗುಂಡಿಯ ಪದ್ಧತಿ ಇಲ್ಲಿಯೂ ನಡೆಯುತ್ತದೆ. ನೆಲದ ಕೆಳಗೆ ಎಷ್ಟು ಬೇಕಾದರೂ ಗಟ್ಟಿಯಾಗಿರಲಿ, ಮೇಲೆ ಮಾತ್ರ ಬಿಟ್ಟುಕೊಡಬೇಕು.

ಗಾಳಿಯ ವಿಷಯ. ಬೆಂಗಳೂರೂ ಸೇರಿ ದಕ್ಷಿಣದ ಒಳನಾಡಿಗೆ ಭಾರತೀಯ ಮಾನಕದ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಸರಳ ಲೆಕ್ಕದಲ್ಲಿ ಅದು ಚದರ ಮೀಟರಿಗೆ ಸುಮಾರು 650 ನ್ಯೂಟನ್ ಒತ್ತಡ. ಇಡೀ ಮುಖ ಮುಚ್ಚಿದ ಹಾಳೆಗೆ ಅದು ಪೂರ್ತಿ ತಗಲುತ್ತದೆ, ತೆರೆದ ಜಾಲರಿಗೆ ಅದರ ಒಂದು ಭಾಗವಷ್ಟೇ. ಇಷ್ಟನ್ನು ತಾಳುವ ಕಂಬವನ್ನು ಎಫ್‌ಆರ್‌ಪಿಯಲ್ಲಿ ಮಾಡುವುದು ಕಷ್ಟವಲ್ಲ. ಕಷ್ಟ ಆಗುವುದು ಬಳ್ಳಿ ಹಬ್ಬಿದಾಗ: ಜಾಲರಿಯ ಕಣ್ಣುಗಳು ಎಲೆಯಿಂದ ಮುಚ್ಚಿಕೊಂಡರೆ ಬೇಲಿ ಗೋಡೆಯ ಲೆಕ್ಕಕ್ಕೆ ಬರುತ್ತದೆ, ಆಗ ಮುಂಗಾರಿನ ಒಂದು ಬಿರುಗಾಳಿಗೆ ಬುಡದ ಜೋಡಣೆ ಬಿಟ್ಟುಹೋದರೆ ತಪ್ಪು ಬೇಲಿಯದ್ದಲ್ಲ. ನಮ್ಮ ಸೀಮೆಯಲ್ಲಿ ಇದನ್ನು ಯಾವ ಕಾರಣಕ್ಕೂ ಮರೆಯುವಂತಿಲ್ಲ.

ಉತ್ತರ: ನಿವೃತ್ತ ರೇಡಿಯೊ ತಂತ್ರಜ್ಞ, ಚಿಕ್ಕಮಗಳೂರು

ಮೇಲಿನ ವಿವರಣೆಗೆ ನನ್ನ ಕ್ಷೇತ್ರದ ಒಂದು ಮಾತನ್ನು ಸೇರಿಸುತ್ತೇನೆ. ಮುಂದೆ ಎಂದಾದರೂ ಬೂವನಹಳ್ಳಿಗೆ, ಅಥವಾ ನಮ್ಮ ಜಿಲ್ಲೆಯವರು ಕೇಳುತ್ತಿರುವ ಏರ್‌ಸ್ಟ್ರಿಪ್ ದೊಡ್ಡದಾಗಿ ಅಲ್ಲಿಗೆ, ಮಂಜಿನಲ್ಲೂ ಇಳಿಯಲು ನೆರವಾಗುವ ಐಎಲ್‌ಎಸ್ ಬಂದರೆ ಬೇಲಿಯ ಲೋಹವೇ ಒಂದು ಸಮಸ್ಯೆಯಾಗುತ್ತದೆ.

ರನ್‌ವೇಯ ನಡುಗೆರೆಯನ್ನು ತೋರಿಸುವ ಲೋಕಲೈಸರ್ 108ರಿಂದ 112 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಅದರ ತರಂಗದ ಉದ್ದ ಸುಮಾರು 2.7 ಮೀಟರ್. ಇಳಿಜಾರಿನ ಕೋನವನ್ನು ತೋರಿಸುವ ಗ್ಲೈಡ್ ಪಾತ್ 329ರಿಂದ 335 ಮೆಗಾಹರ್ಟ್ಸ್, ತರಂಗದ ಉದ್ದ ಹೆಚ್ಚುಕಡಿಮೆ 90 ಸೆಂ.ಮೀ. ಎರಡು ಇಂಚಿನ ಕಣ್ಣಿರುವ ಉಕ್ಕಿನ ಜಾಲರಿ ನಮ್ಮ ಕಣ್ಣಿಗೆ ಬಯಲಾಗಿ ಕಂಡರೂ ಇಷ್ಟುದ್ದದ ತರಂಗಕ್ಕೆ ಅದು ಹೆಚ್ಚುಕಡಿಮೆ ತೂತಿಲ್ಲದ ತಗಡು. ಅಲ್ಲಿಂದ ಮರಳಿದ ತರಂಗ ಮೂಲ ಸಂಕೇತದೊಡನೆ ಬೆರೆತು, ವಿಮಾನದೊಳಗಿನ ಸೂಚಿ ನಿಜವಾದ ದಾರಿಯಿಂದ ಅತ್ತಿತ್ತ ವಾಲುವಂತೆ ಮಾಡಬಹುದು. ಗ್ಲೈಡ್ ಪಾತ್ ತನ್ನ ಎದುರಿಗಿನ ನೆಲದ ಪ್ರತಿಫಲನವನ್ನೇ ನೆಚ್ಚಿಕೊಂಡು ಕೋನವನ್ನು ರೂಪಿಸುವ ಸಾಧನವಾದ್ದರಿಂದ, ಇಳಿಯುವ ದಾರಿಗೆ ಅಡ್ಡಲಾಗಿ ಹಾಯುವ ಉದ್ದನೆಯ ಲೋಹದ ಬೇಲಿ ಅದಕ್ಕೆ ವಿಶೇಷವಾಗಿ ತೊಂದರೆ ಕೊಡುತ್ತದೆ. ಗಾಜಿನ ನಾರು ವಿದ್ಯುತ್ ವಾಹಕವಲ್ಲ, ತರಂಗ ಅದರ ಮೂಲಕ ಸಾಗಿಹೋಗುತ್ತದೆ.

ಆದರೆ ಎಫ್‌ಆರ್‌ಪಿ ಬೇಲಿ ಹಾಕಿ ಅದರ ತಲೆಯ ಮೇಲೆ ಸುರುಳಿ ಮುಳ್ಳುತಂತಿ ಎಳೆದರೆ ಈ ಲಾಭ ಹೋಗುತ್ತದೆ. ಇಂಗಾಲದ ನಾರು ಬೆರೆಸಿದ ಕಂಬಗಳೂ ಇಲ್ಲಿ ಸಲ್ಲವು, ಏಕೆಂದರೆ ಇಂಗಾಲದ ನಾರು ವಿದ್ಯುತ್ತನ್ನು ಹರಿಯಬಿಡುತ್ತದೆ.

ಉತ್ತರ: ಕಾಫಿ ಬೆಳೆಗಾರ, ಮೂಡಿಗೆರೆ

ಇಂಜಿನಿಯರ್ ಸಾಹೇಬರು ಗಾಳಿಯ ಲೆಕ್ಕ ಹೇಳಿದರು, ಪ್ರಾಣಿಗಳ ಲೆಕ್ಕವನ್ನು ತೋಟದವರಾಗಿ ನಾವು ಹೇಳಬೇಕು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆಗೆ ಐಬೆಕ್ಸ್ ಎಂಬ ವಿದ್ಯುತ್ ತಂತಿಬೇಲಿ, ಕಂದಕ, ರೈಲು ಹಳಿಯ ತಡೆಬೇಲಿ ಎಲ್ಲವನ್ನೂ ನೋಡಿದ್ದೇವೆ. ಒಣಮರ ತಂದು ಐಬೆಕ್ಸ್ ಮೇಲೆ ಕೆಡವಿ ದಾಟುವ ಪ್ರಾಣಿ ಅದು. ನಾಲ್ಕೈದು ಟನ್ ತೂಕದ ಆನೆ ನಿಧಾನವಾಗಿ ಹೆಗಲು ಕೊಟ್ಟರೆ, ವಿಮಾನಕ್ಕೆ ದಾರಿ ಬಿಡುವ ಬೇಲಿ ಆನೆಗೂ ದಾರಿ ಬಿಡುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಸನ ನಗರದ ಮಗ್ಗುಲಿನ ಬೂವನಹಳ್ಳಿ ಆನೆಗಳ ನಿತ್ಯದ ದಾರಿಯಲ್ಲದಿದ್ದರೂ, ಮಲೆನಾಡಿನ ಒಳಗೆ ಏರ್‌ಸ್ಟ್ರಿಪ್ ಮಾಡುವವರು ಇದನ್ನು ಮೊದಲೇ ಯೋಚಿಸಬೇಕು. ಆನೆಯನ್ನು ತಡೆಯುವ ಕೆಲಸ ವಿಮಾನ ನಿಲ್ದಾಣದ ಗಡಿಯ ಬೇಲಿಯದ್ದಾಗಬಾರದು; ಅದಕ್ಕೆ ರನ್‌ವೇ ನೇರದಿಂದ ಬಹಳ ದೂರದಲ್ಲಿ, ಹೊರಗಡೆ ಬೇರೆ ತಡೆ ಇರಬೇಕು.

ನನಗೆ ಹೆಚ್ಚು ಭಯವಿರುವುದು ಕಾಡುಹಂದಿಯದ್ದು. 2015ರ ಡಿಸೆಂಬರ್ 4ರಂದು ಜಬಲ್ಪುರದಲ್ಲಿ ಇಳಿಯುತ್ತಿದ್ದ ಸ್ಪೈಸ್‌ಜೆಟ್‌ನ ಪ್ರೊಪೆಲ್ಲರ್ ವಿಮಾನ ಹಂದಿಗಳ ಹಿಂಡಿಗೆ ಬಡಿದು ರನ್‌ವೇ ಬಿಟ್ಟು ಜಾರಿತು. ಅದಕ್ಕೂ ಹಿಂದಿನ ವರ್ಷ ಸೂರತ್‌ನಲ್ಲಿ ಹಾರಲು ಓಡುತ್ತಿದ್ದ ವಿಮಾನಕ್ಕೆ ಎಮ್ಮೆ ಅಡ್ಡ ಬಂದಿತ್ತು. ಹಂದಿ ಬೇಲಿಯನ್ನು ಮುರಿಯಲು ಹೋಗುವುದಿಲ್ಲ, ಅದು ಕೆಳಗಿನಿಂದ ನುಗ್ಗುತ್ತದೆ. ನಮ್ಮ ತೋಟದ ಗಡಿಯಲ್ಲಿ ಮಳೆಗಾಲದ ಬೆಳಿಗ್ಗೆ ನೋಡಿದರೆ, ಕೆಳಗಿನ ತಂತಿಯ ಅಡಿಯಲ್ಲಿ ಮೂತಿಯಿಂದ ಗೋರಿದ ಹಸಿ ಮಣ್ಣಿನ ತಗ್ಗು, ತಂತಿಗೆ ಅಂಟಿದ ಕೆಸರು, ಆ ಕೆಸರಿನಲ್ಲಿ ಎರಡು ಮೂರು ಒರಟು ಕೂದಲು. ಅದರ ಮೇಲಿನ ಬೇಲಿ ಒಂದಿಷ್ಟೂ ಸಡಿಲಗೊಂಡಿರುವುದಿಲ್ಲ. ಆದ್ದರಿಂದ ಬೇಲಿ ಫೈಬರ್‌ನದ್ದಾಗಲಿ ಕಬ್ಬಿಣದ್ದಾಗಲಿ, ಜಾಲರಿಯನ್ನು ನೆಲದೊಳಗೆ ಹೂಳದಿದ್ದರೆ ಹಂದಿಗೆ ಎರಡೂ ಒಂದೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇನ್ನೆರಡು ವಿಷಯ ಉಳಿದಿವೆ. ಎಫ್‌ಆರ್‌ಪಿಯನ್ನು ಸಾಮಾನ್ಯ ಆಕ್ಸಾ ಬ್ಲೇಡಿನಲ್ಲಿ ಕೊಯ್ಯಬಹುದು ಎಂಬುದು ನನಗೆ ಗೊತ್ತು. ಹಾಗಾದರೆ ಭದ್ರತೆಯವರು ಇದನ್ನು ಒಪ್ಪುತ್ತಾರೆಯೇ? ಎರಡನೆಯದು, ಬೇಲಿಯಾಚೆ ರಸ್ತೆಯೋ ಮನೆಯೋ ಇದ್ದರೆ ವಿಮಾನಕ್ಕೆ ದಾರಿ ಬಿಡುವುದಕ್ಕಿಂತ ಗಟ್ಟಿ ಗೋಡೆ ಕಟ್ಟಿ ನಿಲ್ಲಿಸುವುದೇ ಮೇಲಲ್ಲವೇ?

ಉತ್ತರ: ವಿಮಾನ ನಿಲ್ದಾಣ ಭದ್ರತೆಯಲ್ಲಿ ಇದ್ದವನು, ಅರಸೀಕೆರೆ

ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ. ಯಾವ ಬೇಲಿಯೂ ಮನುಷ್ಯನನ್ನು ಕೊನೆಯವರೆಗೆ ತಡೆಯುವುದಿಲ್ಲ. ಚೈನ್‌ಲಿಂಕ್ ತಂತಿಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಬಹುದು, ಎಂಟಡಿ ಗೋಡೆಗೆ ಏಣಿ ಸಾಕು. ಬೇಲಿಯ ಕೆಲಸ ಒಳನುಗ್ಗುವವನನ್ನು ತಡಮಾಡಿಸುವುದು, ಆ ಅವಧಿಯೊಳಗೆ ಗೊತ್ತಾಗುವಂತೆ ಮಾಡುವುದು, ಕಾವಲಿನವರು ತಲುಪುವಷ್ಟು ಹೊತ್ತು ಕೊಡುವುದು. ಬೆರಳು ಅಥವಾ ಬೂಟಿನ ತುದಿ ಸಿಗದಷ್ಟು ಚಿಕ್ಕ ಕಣ್ಣಿನ ಎಫ್‌ಆರ್‌ಪಿ ಜಾಲರಿಯನ್ನು ಹತ್ತುವುದು ಸುಲಭವಲ್ಲ. ಕೊಯ್ಯಲು ಹೋದರೆ ಒಂದೊಂದೇ ಪಟ್ಟಿ ಕೊಯ್ಯಬೇಕು, ಕಂಪನ ಬೇಲಿಯ ಉದ್ದಕ್ಕೂ ಹರಡುತ್ತದೆ, ಅದನ್ನು ಬೇಲಿಗೆ ಕಟ್ಟಿದ ಫೈಬರ್ ಕೇಬಲ್ಲಿನ ಸಂವೇದಕ ಹಿಡಿದು ನಿಯಂತ್ರಣ ಕೊಠಡಿಗೆ ತಿಳಿಸುತ್ತದೆ. ಬೇಲಿಯ ಒಳಬದಿಯ ಗಸ್ತು ರಸ್ತೆ ಮಳೆಗಾಲದಲ್ಲೂ ಜೀಪು ಓಡುವಂತಿರಬೇಕು. ಸಂವೇದಕ ಕೂಗಿದರೂ ಕೆಸರಿನಲ್ಲಿ ಸಿಕ್ಕಿಕೊಂಡ ಜೀಪಿನಿಂದ ಪ್ರಯೋಜನವಿಲ್ಲ.

ಒಂದು ಎಚ್ಚರಿಕೆ: ಆ ಕೇಬಲ್ ಕೂಡ ನಿರ್ದಿಷ್ಟ ದೂರಕ್ಕೊಮ್ಮೆ ಸುಲಭವಾಗಿ ಕಳಚಿಕೊಳ್ಳುವ ಜೋಡಣೆ ಹೊಂದಿರಬೇಕು. ಇಲ್ಲದಿದ್ದರೆ ಬೇಲಿ ಮುರಿದರೂ ಕೇಬಲ್ಲೇ ಹಗ್ಗವಾಗಿ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ.

ಉತ್ತರ: ಸ್ಟ್ರಕ್ಚರಲ್ ಇಂಜಿನಿಯರ್, ಹಾಸನ

ಎರಡನೆಯ ಪ್ರಶ್ನೆ ಬಹಳ ಮುಖ್ಯವಾದದ್ದು. 2005ರ ಡಿಸೆಂಬರ್ 8ರಂದು ಶಿಕಾಗೋದ ಮಿಡ್‌ವೇ ನಿಲ್ದಾಣದಲ್ಲಿ ಹಿಮದ ನಡುವೆ ಇಳಿದ ಬೋಯಿಂಗ್ 737 ಗಾಳಿತಡೆ ಬೇಲಿಯನ್ನೂ ಗಡಿಯ ಬೇಲಿಯನ್ನೂ ಹಾಯ್ದು ರಸ್ತೆಗೆ ಬಂದು, ಕಾರಿನಲ್ಲಿದ್ದ ಆರು ವರ್ಷದ ಬಾಲಕ ತೀರಿಕೊಂಡ. 2018ರ ಅಕ್ಟೋಬರ್ 12ರಂದು ತಿರುಚಿರಾಪಳ್ಳಿಯಲ್ಲಿ ಮೇಲೇರುತ್ತಿದ್ದ ಬೋಯಿಂಗ್ 737 ಲೋಕಲೈಸರ್ ಆಂಟೆನಾಗೂ ಕಾಂಪೌಂಡು ಗೋಡೆಗೂ ತಾಗಿ, ಗೋಡೆಯ ಒಂದು ಭಾಗ ಕುಸಿದು, ಹೊಟ್ಟೆಯಡಿ ಹರಿದುಕೊಂಡೇ ಹಾರಿ ಮುಂಬೈಯಲ್ಲಿ ಇಳಿಯಿತು. ಒಳಗಿದ್ದ 136 ಮಂದಿ ಬದುಕಿದರು. ಕಾಂಪೌಂಡು ಗೋಡೆಯನ್ನು ಎಷ್ಟು ಗಟ್ಟಿ ಕಟ್ಟಿದರೂ ಅರವತ್ತೆಪ್ಪತ್ತು ಟನ್ ವಿಮಾನವನ್ನು ಅದು ಒಳಗಿನವರಿಗೆ ನೋವಾಗದಂತೆ ನಿಲ್ಲಿಸಲಾರದು. ನಿಲ್ಲಿಸಿದರೆ ಮುವಾನ್‌ನಲ್ಲಿ ಆದಂತೆ ಆಗುತ್ತದೆ. ರಸ್ತೆಯವರನ್ನೂ ವಿಮಾನದವರನ್ನೂ ಕಾಪಾಡುವುದು ಜಾಗ ಮಾತ್ರ.

ಐಸಿಎಒದ ಅನೆಕ್ಸ್ 14ರ ಪ್ರಕಾರ ರನ್‌ವೇ ಮುಗಿದ ಮೇಲೆ 60 ಮೀಟರ್ ಪಟ್ಟಿ, ಅದರಾಚೆ ಕನಿಷ್ಠ 90 ಮೀಟರ್ ಸುರಕ್ಷತಾ ಪ್ರದೇಶ ಇರಬೇಕು; ದೊಡ್ಡ ರನ್‌ವೇಗಳಿಗೆ ಶಿಫಾರಸು 240 ಮೀಟರ್. ಒಟ್ಟು 300 ಮೀಟರ್ ಆಯಿತು. ಮುವಾನ್‌ನ ದಿಬ್ಬ ರನ್‌ವೇ ತುದಿಯಿಂದ 250 ಮೀಟರಿಗೂ ಆಚೆ ಇತ್ತು ಎಂಬುದನ್ನು ನೆನೆದರೆ, ಕನಿಷ್ಠ ಅಳತೆ ಮುಗಿದ ಕೂಡಲೇ ಗೋಡೆ ಕಟ್ಟಬಹುದು ಎಂದು ಯಾರೂ ಧೈರ್ಯ ಮಾಡಬಾರದು. ಅಪಘಾತದ ನಂತರ ಕೊರಿಯಾ ಸರ್ಕಾರ ಏಳು ವಿಮಾನ ನಿಲ್ದಾಣಗಳಲ್ಲಿ ಇಂಥ ಗಟ್ಟಿ ಆಧಾರಗಳನ್ನು ಬದಲಿಸುವುದಾಗಿ ಪ್ರಕಟಿಸಿತು. ನಮ್ಮಲ್ಲಿ ಹೊಸದಾಗಿ ಕಟ್ಟುವಾಗಲೇ ಸರಿಯಾಗಿ ಕಟ್ಟುವ ಅವಕಾಶ ಇರುವುದರಿಂದ, ರನ್‌ವೇಯ ನಡುಗೆರೆಯನ್ನು ಮುಂದಕ್ಕೆ ಎಳೆದರೆ ಸಿಗುವ ಎರಡು ತುದಿಗಳ ಅಗಲದಲ್ಲಿ ಮತ್ತು ಆಂಟೆನಾಗಳ ಹತ್ತಿರ ಮಾತ್ರ ಮುರಿಯುವ ಬೇಲಿ ಹಾಕಿ, ಅಕ್ಕಪಕ್ಕದ ಉದ್ದನೆಯ ಗಡಿಗೆ ಎಂದಿನ ಗೋಡೆ ಅಥವಾ ಚೈನ್‌ಲಿಂಕ್ ಹಾಕಿದರೆ ಖರ್ಚೂ ಹಿಡಿತದಲ್ಲಿರುತ್ತದೆ. ಸುತ್ತಲೂ ಎಫ್‌ಆರ್‌ಪಿ ಬೇಕೆಂದು ನಾನು ಹೇಳುವುದಿಲ್ಲ.

ಎತ್ತರದ ಲೆಕ್ಕವನ್ನೂ ಮಾಡಿಬಿಡಿ. ಐಎಲ್‌ಎಸ್‌ನಂಥ ನೆರವಿರುವ, ನಿಖರ ಇಳಿತದ ರನ್‌ವೇಯಲ್ಲಿ ವಿಮಾನ ಇಳಿಯುವ ದಾರಿಯ ಕೆಳಗಿನ ಕಾಲ್ಪನಿಕ ಮೇಲ್ಮೈ ರನ್‌ವೇ ಹೊಸ್ತಿಲಿನಿಂದ, ಅಂದರೆ ಇಳಿಯಲು ಬಳಸುವ ಭಾಗ ಆರಂಭವಾಗುವ ಗೆರೆಯಿಂದ, 60 ಮೀಟರ್ ಆಚೆ ಆರಂಭವಾಗಿ ನೂರಕ್ಕೆ ಎರಡರಂತೆ ಏರುತ್ತದೆ. ಬೇಲಿ ಮೂರು ಮೀಟರ್ ಇದ್ದರೆ ಅದು ಆ ಮೇಲ್ಮೈಯ ಕೆಳಗೆ ಉಳಿಯಲು, ನೆಲ ಸಮತಟ್ಟಾಗಿದ್ದಲ್ಲಿ, 150 ಮೀಟರ್ ಬೇಕು. ಅಂದರೆ ಹೊಸ್ತಿಲಿನಿಂದ 210 ಮೀಟರ್. ನೆಲ ಏರುಮುಖವಾಗಿದ್ದರೆ ಇನ್ನೂ ದೂರ.

ಬೆಳೆಗಾರರು ಹೇಳಿದ ಹೂಳುವ ಜಾಲರಿ ಇಲ್ಲಿಯೂ ಸರಿಯೇ, ನೆಲದ ಕೆಳಗಿನದು ವಿಮಾನಕ್ಕೆ ಅಡ್ಡಿಯಾಗುವುದಿಲ್ಲ. ಆದರೆ ಅದನ್ನು ಮೇಲಿನ ಬೇಲಿಗೆ ಬಿಗಿಯಾಗಿ ಕಟ್ಟಬಾರದು.

ಗುತ್ತಿಗೆದಾರರಾದ ನಿಮಗೆ ಕೊನೆಯದಾಗಿ ಕೆಲಸದ ಮಾತು. ಟೆಂಡರಿನಲ್ಲಿ ‘ಎಫ್‌ಆರ್‌ಪಿ ಬೇಲಿ’ ಎಂದಷ್ಟೇ ಇದ್ದರೆ ಸಾಲದು. ಎಫ್‌ಆರ್‌ಪಿಯಿಂದ ಮಾಡಿದ್ದೆಲ್ಲ ಮುರಿಯುವ ಬೇಲಿಯಾಗುವುದಿಲ್ಲ. ದಪ್ಪ ಕಂಬವನ್ನು ಗಟ್ಟಿಯಾಗಿ ಕೂರಿಸಿದರೆ ಅದೂ ತೊಲೆಯೇ. ಡಿಕ್ಕಿ ಪರೀಕ್ಷೆಯ ವರದಿಯನ್ನು ಕೇಳಬೇಕು, ಮತ್ತು ಪರೀಕ್ಷೆಗೆ ಒಳಪಟ್ಟ ಬೇಲಿಯ ಕಂಬದ ಅಂತರ, ಎತ್ತರ, ಬುಡದ ಜೋಡಣೆ ಮೂರೂ ನೀವು ಹಾಕುವುದರೊಡನೆ ಹೊಂದಬೇಕು. ಬಿಸಿಲಿಗೆ ರಾಳ ಸವೆದು ನಾರು ಮೇಲೆ ಕಾಣದಂತೆ ಮೇಲ್ಪದರವೂ ನೇರಳಾತೀತ ಕಿರಣ ತಡೆಯುವ ಬೆರಕೆಯೂ ಇರಬೇಕು. ಸೈಟಿನಲ್ಲಿ ಕೊಯ್ದ ಪ್ರತಿ ತುದಿಗೂ ರಾಳ ಹಚ್ಚಬೇಕು, ಇಲ್ಲವಾದರೆ ನಮ್ಮ ಮಳೆಯ ನೀರು ನಾರಿನ ಗುಂಟ ಒಳಗೆ ಇಳಿಯುತ್ತದೆ. ಕಬ್ಬಿಣದ ಕಂಬ ಕಾಂಕ್ರೀಟಿನ ಕತ್ತಿನಲ್ಲಿ ತುಕ್ಕು ಹಿಡಿಯುವುದನ್ನು ನೀವು ಎಷ್ಟೋ ಕಡೆ ನೋಡಿರುತ್ತೀರಿ, ಆ ತೊಂದರೆ ಮಾತ್ರ ಇದಕ್ಕಿಲ್ಲ.

ಮುಖ್ಯವಾಗಿ, ನಿರ್ವಹಣೆಯ ಹುಡುಗರಿಗೆ ಇದನ್ನು ಮೊದಲೇ ತಿಳಿಸಬೇಕು: ಕಂಬ ಸ್ವಲ್ಪ ಅಲುಗಾಡಿತೆಂದು ಬುಡಕ್ಕೆ ಒಂದು ಬಾಂಡ್ಲಿ ಕಾಂಕ್ರೀಟ್ ಸುರಿದುಬಿಡುವ ನಮ್ಮ ಕಡೆಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ತುಂಡಾಗುವ ಬೋಲ್ಟ್ ಬದಲು ಅಂಗಡಿಯಲ್ಲಿ ಸಿಕ್ಕಿದ ಗಟ್ಟಿ ಬೋಲ್ಟ್ ಹಾಕಿದರೂ ಅಷ್ಟೇ. ಹೊರಗಿನಿಂದ ನೋಡಿದರೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಅದಕ್ಕಾಗಿ ಅದೇ ಅಳತೆಯ ಬೋಲ್ಟು, ಬುಡದ ಜೋಡಣೆ ಮತ್ತು ಜಾಲರಿಯ ಕೆಲವು ಭಾಗಗಳನ್ನು ನಿಲ್ದಾಣದ ಉಗ್ರಾಣದಲ್ಲೇ ಇಟ್ಟಿರಬೇಕು ಎಂಬ ಷರತ್ತನ್ನು ಟೆಂಡರಿನಲ್ಲೇ ಸೇರಿಸಿ. ಬೇಲಿ ಮುರಿದ ದಿನ ಅದರ ಜಾಗ ತೆರೆದಿರುವವರೆಗೂ ಹಂದಿಗೂ ಮನುಷ್ಯನಿಗೂ ದಾರಿ ತೆರೆದೇ ಇರುತ್ತದೆ, ದೂರದ ಕಾರ್ಖಾನೆಯಿಂದ ಸಾಮಾನು ಬರುವವರೆಗೆ ಕಾಯುವಂತಿಲ್ಲ.